ಪೂರಿಮ್: ದೇವರ ಹೆಸರೇ ಬಾರದ ಕಥೆಯ ಹಬ್ಬ

ಪ್ರಶ್ನೆ: ನಾನು ಮಂಗಳೂರಿನ ಕಡೆಯವಳು. ಆರು ವರ್ಷದಿಂದ ಹೈಫಾದಲ್ಲಿ 88 ವರ್ಷದ ಯೆಹೂದಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇಲ್ಲಿ ನಮ್ಮನ್ನು ಮೆತಪೆಲೆತ್ ಅನ್ನುತ್ತಾರೆ. ಅಜ್ಜಿಯನ್ನು ಮೊಮ್ಮಕ್ಕಳಂತೆ ನಾನೂ ಸಾವ್ತಾ ಅಂತಲೇ ಕರೆಯುತ್ತೇನೆ. ಕಳೆದ ಪೂರಿಮ್‌ಗೆ ಅವರನ್ನು ವೀಲ್‌ಚೇರಿನಲ್ಲಿ ಸಿನಗಾಗ್‌ಗೆ ಅಂದರೆ ಅವರ ಪ್ರಾರ್ಥನಾಮಂದಿರಕ್ಕೆ ಕರೆದುಕೊಂಡು ಹೋಗಿದ್ದೆ. ಎಸ್ತೇರಳ ಕಥೆ ಓದುವಾಗ ಹಾಮಾನನ ಹೆಸರು ಬಂದಾಗಲೆಲ್ಲ ಗಿಲಕಿ ಸದ್ದು, ಕಾಲು ಕುಟ್ಟುವುದು, ಕಿವಿ ಕಿವುಡಾಗುವಷ್ಟು. ಮರುದಿನ ಸಾವ್ತಾ ತಟ್ಟೆಗಳಲ್ಲಿ ತಿಂಡಿ, ಹಣ್ಣು ಜೋಡಿಸಿ ನೆರೆಮನೆಗಳಿಗೆ ನನ್ನ ಕೈಯಲ್ಲೇ ಕಳಿಸಿದರು. ಕ್ರಿಸ್‌ಮಸ್‌ಗೆ ನಾವು ಕುಸ್ವಾರ್ ತಿಂಡಿಗಳನ್ನು ಹಂಚುವುದು ನೆನಪಾಯಿತು. ಎಸ್ತೇರಳ ಗ್ರಂಥದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲ ಅಂತ ಅವರು ಹೇಳಿದಾಗ ನಾನು ನಂಬಲಿಲ್ಲ. ನನ್ನ ಕಥೋಲಿಕ ಬೈಬಲ್‌ನಲ್ಲಿ ಎಸ್ತೇರಳು ದೇವರಿಗೆ ಉದ್ದಕ್ಕೆ ಪ್ರಾರ್ಥನೆ ಮಾಡುತ್ತಾಳಲ್ಲ? ಯಾರದು ಸರಿ? ಈ ಹಬ್ಬದಿಂದ ಯೆಹೂದಿಗಳು ಕಲಿಯುವುದೇನು? ಆ ದಿನ ಕುಡಿಯಲೇಬೇಕಂತೆ, ಹೌದೇ? ಕೊನೆಯಲ್ಲಿ 75,000 ಜನ ಸತ್ತರು ಅಂತ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದನ್ನು ಹಬ್ಬ ಮಾಡುವುದು ಹೇಗೆ? ಯೆರೂಸಲೇಮ್‌ನಲ್ಲಿರುವ ನನ್ನ ಗೆಳತಿಯ ಮನೆಯಲ್ಲಿ ಒಂದು ದಿನ ತಡವಾಗಿ ಆಚರಿಸಿದರಂತೆ, ಅದೇಕೆ? ಮುಂದಿನ ಸಲ ನಾನೂ ಏನಾದರೂ ಕೊಡಬಹುದೇ?

ಉತ್ತರ: ಸಹೋದರಿ, ನಿಮ್ಮ ಸಾವ್ತಾ ಹೇಳಿದ್ದೂ ಸರಿ, ನೀವು ಓದಿದ್ದೂ ಸರಿ. ನೀವಿಬ್ಬರೂ ಓದುತ್ತಿರುವುದು ಒಂದೇ ಹೆಸರಿನ ಎರಡು ಪಾಠಗಳನ್ನು.

ಸಿನಗಾಗ್‌ನಲ್ಲಿ ಓದುವುದು ಹೀಬ್ರೂ ಪಾಠ, ಹತ್ತು ಅಧ್ಯಾಯ. ಅದರಲ್ಲಿ ದೇವರ ಹೆಸರಿಲ್ಲ. ಪ್ರಾರ್ಥನೆ ಮಾಡಿದರು ಎಂಬ ಮಾತೂ ಇಲ್ಲ, ಉಪವಾಸ ಮಾಡಿದರು ಎಂದಷ್ಟೇ ಇದೆ. ಈ ಗ್ರಂಥ ಗ್ರೀಕ್ ಭಾಷೆಗೆ ಹೋದಾಗ ಅದಕ್ಕೆ ನೂರಕ್ಕೂ ಹೆಚ್ಚು ವಚನಗಳು ಸೇರಿಕೊಂಡವು. ಮೊರ್ದೆಕೈಯ ಕನಸು, ಅವನ ಪ್ರಾರ್ಥನೆ, ಎಸ್ತೇರಳ ಪ್ರಾರ್ಥನೆ, ರಾಜಾಜ್ಞೆಗಳ ಒಕ್ಕಣೆ, ಎಲ್ಲ ಅಲ್ಲಿ ಬಂದದ್ದು. ದೇವರಿಲ್ಲದ ಧರ್ಮಗ್ರಂಥ ಎಂದರೆ ಎರಡು ಸಾವಿರ ವರ್ಷದ ಹಿಂದಿನ ಓದುಗರಿಗೂ ಕಸಿವಿಸಿಯಾಗಿತ್ತು ಎಂದು ಕಾಣುತ್ತದೆ. ಆ ಗ್ರೀಕ್ ಭಾಗಗಳನ್ನು ಕಥೋಲಿಕ ಸಭೆ ಉಳಿಸಿಕೊಂಡಿತು, ಯೆಹೂದಿಗಳು ತೆಗೆದುಕೊಳ್ಳಲಿಲ್ಲ. ಪ್ರಾಟೆಸ್ಟೆಂಟರ ಕನ್ನಡ ಬೈಬಲ್ ತೆರೆದು ನೋಡಿ, ಅದರಲ್ಲೂ ಆ ಪ್ರಾರ್ಥನೆಗಳಿಲ್ಲ.

ಇನ್ನು ಈ ಹಬ್ಬ ಕಲಿಸುವುದೇನು ಎಂಬ ಪ್ರಶ್ನೆ. ಅದಕ್ಕೆ ನನ್ನ ಉತ್ತರ ಶುರುವಾಗುವುದೇ ಈ ಇಲ್ಲದ ಹೆಸರಿನಿಂದ.

ಯೆಹೂದಿ ಧರ್ಮಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುಡ್‌ನ ಪಂಡಿತರು ಒಂದು ವಿಚಿತ್ರ ಪ್ರಶ್ನೆ ಕೇಳುತ್ತಾರೆ: ಮೋಶೆಯ ಗ್ರಂಥಗಳಲ್ಲಿ ಎಸ್ತೇರಳ ಸುಳಿವು ಎಲ್ಲಿದೆ? ಎಸ್ತೇರಳು ಬಂದದ್ದು ಮೋಶೆಯಾಗಿ ಎಷ್ಟೋ ಶತಮಾನಗಳ ಮೇಲೆ. ಆದರೂ ಅವರು ಧರ್ಮೋಪದೇಶಕಾಂಡದ 31ನೇ ಅಧ್ಯಾಯದಿಂದ ಒಂದು ಮಾತು ಎತ್ತಿ ತೋರಿಸುತ್ತಾರೆ: ‘ಹಸ್ತೇರ್ ಅಸ್ತೀರ್’. ಆ ದಿನ ನಾನು ನನ್ನ ಮುಖವನ್ನು ಮರೆಮಾಡಿಯೇ ಬಿಡುತ್ತೇನೆ ಎಂದು ದೇವರು ಹೇಳುವ ಮಾತು ಅದು. ಎಸ್ತೇರ್ ಎಂಬ ಹೆಸರಿನ ಸದ್ದೇ ಅದರಲ್ಲಿದೆ. ಇದು ಶಬ್ದದ ಆಟದಂತೆ ಕಂಡರೂ ಆಟವಲ್ಲ. ಕೆಂಪು ಸಮುದ್ರ ಇಬ್ಭಾಗವಾದ ಕಾಲವಿತ್ತು, ಸೀನಾಯಿ ಬೆಟ್ಟ ಹೊಗೆಯಾಡಿದ ಕಾಲವಿತ್ತು. ಎಸ್ತೇರಳ ಕಥೆ ನಡೆಯುವ ಶೂಷನ್ ಪಟ್ಟಣದಲ್ಲಿ ಅಂಥದ್ದೇನೂ ನಡೆಯಲಿಲ್ಲ. ಅಲ್ಲಿ ದೇವರು ಮುಖ ಮರೆಮಾಡಿದ ಕಾಲ. ಅಂಥ ಕಾಲದಲ್ಲಿ ಮನುಷ್ಯ ಏನು ಮಾಡಬೇಕು ಎಂಬುದೇ ಪೂರಿಮ್‌ನ ಪಾಠ.

ಬೇರೆ ಓದುಗರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಾರಸಿಯ, ಅಂದರೆ ಪರ್ಷಿಯಾದ, ಅರಸ ಅಹಷ್ವೇರೋಷ. ಅವನು ಕ್ರಿ.ಪೂ. 486ರಿಂದ 465ರವರೆಗೆ ಆಳಿದ ಕ್ಸರ್ಕ್ಸಿಸ್ ಎಂದು ಬಹಳ ಮಂದಿ ಹೇಳುತ್ತಾರೆ. ಅವನು ತನ್ನ ರಾಣಿ ವಷ್ಟಿಯನ್ನು ತೊರೆದು ಯೆಹೂದಿ ಅನಾಥ ಹುಡುಗಿ ಎಸ್ತೇರಳನ್ನು ಮದುವೆಯಾಗುತ್ತಾನೆ. ಅವಳನ್ನು ಸಾಕಿದವನು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಾಲಿನ ಅಣ್ಣ ಮೊರ್ದೆಕೈ. ನೀನು ಯಾವ ಜನದವಳೆಂದು ಹೇಳಬೇಡ ಎಂದು ಅವನು ಅವಳಿಗೆ ಹೇಳಿರುತ್ತಾನೆ. ಪ್ರಧಾನಿ ಹಾಮಾನನಿಗೆ ಮೊರ್ದೆಕೈ ತಲೆಬಾಗುವುದಿಲ್ಲ. ಹಾಮಾನ ರೇಗಿ, ಒಬ್ಬನ ಮೇಲಿನ ಸಿಟ್ಟಿಗೆ ಇಡೀ ಯೆಹೂದಿ ಕುಲವನ್ನೇ ಅಳಿಸಲು ಹೊರಡುತ್ತಾನೆ. ಯಾವ ದಿನ ಎಂದು ತಿಳಿಯಲು ‘ಪೂರ್’, ಅಂದರೆ ಚೀಟಿ ಹಾಕಿಸುತ್ತಾನೆ. ಹಬ್ಬದ ಹೆಸರು ಬಂದದ್ದು ಅದರಿಂದಲೇ. ಚೀಟಿ ಯೆಹೂದಿ ಪಂಚಾಂಗದ ಅದಾರ್ ತಿಂಗಳಿಗೆ ಬೀಳುತ್ತದೆ, 13ನೇ ದಿನ ಗೊತ್ತಾಗುತ್ತದೆ. ಎಸ್ತೇರಳು ಪ್ರಾಣದ ಹಂಗು ತೊರೆದು ಅರಸನ ಮುಂದೆ ನಿಲ್ಲುತ್ತಾಳೆ. ಹಾಮಾನ ಮೊರ್ದೆಕೈಗೆಂದು ನೆಡಿಸಿದ್ದ 50 ಮೊಳದ ಗಲ್ಲುಮರಕ್ಕೆ ತಾನೇ ಏರುತ್ತಾನೆ.

ಈ ಕಥೆ ಇದ್ದದ್ದು ಇದ್ದ ಹಾಗೆ ನಡೆದದ್ದೇ ಎಂದು ಇತಿಹಾಸಕಾರರನ್ನು ಕೇಳಿದರೆ ಅವರು ಒಪ್ಪುವುದು ಕಷ್ಟ. ಕ್ಸರ್ಕ್ಸಿಸನ ರಾಣಿಯ ಹೆಸರು ಅಮೆಸ್ಟ್ರಿಸ್ ಎಂದು ಹೆರೊಡೋಟಸ್ ಬರೆಯುತ್ತಾನೆ. ಎಸ್ತೇರಳ ಹೆಸರು ಪಾರಸಿಯ ಯಾವ ದಾಖಲೆಯಲ್ಲೂ ಸಿಕ್ಕಿಲ್ಲ. ಆದರೆ ಶೂಷನ್ ನಿಜವಾದ ಊರು. ಇಂದಿನ ಇರಾನಿನ ಶೂಷ್ ಪಟ್ಟಣದಲ್ಲಿ ಆ ಅರಮನೆಯ ತಳಪಾಯ ಅಗೆದು ತೆಗೆದಿದ್ದಾರೆ. ಅರಮನೆಯ ರೀತಿನೀತಿ ಬಲ್ಲವರೇ ಈ ಕಥೆ ಬರೆದಿದ್ದಾರೆ ಎಂಬುದಂತೂ ಓದಿದರೆ ತಿಳಿಯುತ್ತದೆ.

ಈಗ ಎರಡು ಜಾಗಗಳಲ್ಲಿ ನಿಮ್ಮನ್ನು ಸ್ವಲ್ಪ ನಿಲ್ಲಿಸುತ್ತೇನೆ.

ಮೊದಲನೆಯದು ಮೂರನೇ ಅಧ್ಯಾಯ, ಹಾಮಾನ ಅರಸನಿಗೆ ಚಾಡಿ ಹೇಳುವ ಜಾಗ. ಅವನ ಮಾತಿನ ಸಾರ ಇಷ್ಟು: ನಿನ್ನ ರಾಜ್ಯದಲ್ಲಿ ಒಂದು ಜನವಿದೆ, ಚದುರಿಕೊಂಡಿದೆ, ಅವರ ಕಟ್ಟಳೆ ಬೇರೆಯವರ ಹಾಗಿಲ್ಲ, ಅವರನ್ನು ಹಾಗೇ ಬಿಡುವುದರಿಂದ ನಿನಗೆ ಲಾಭವಿಲ್ಲ. ಜೊತೆಗೆ ಖಜಾನೆಗೆ ಹತ್ತು ಸಾವಿರ ತಲಾಂತು ಬೆಳ್ಳಿ ಕೊಡುತ್ತೇನೆ ಎನ್ನುತ್ತಾನೆ. ಅವನು ಆ ಜನದ ಹೆಸರು ಹೇಳುವುದಿಲ್ಲ ನೋಡಿ. ಅರಸನೂ ಯಾವ ಜನ ಎಂದು ಕೇಳುವುದಿಲ್ಲ. ಮುದ್ರೆಯುಂಗುರ ಬಿಚ್ಚಿ ಕೊಟ್ಟುಬಿಡುತ್ತಾನೆ! ಹೆಸರಿಲ್ಲದವರನ್ನು ಕೊಲ್ಲುವುದು ಸುಲಭ, ಅವರಿಗೆ ಮುಖವಿಲ್ಲ, ಮಕ್ಕಳಿಲ್ಲ. ಅಧ್ಯಾಯದ ಕೊನೆಯ ಸಾಲು ಇನ್ನೂ ಚುಚ್ಚುತ್ತದೆ: ಆಜ್ಞೆ ಹೊರಟಿತು, ಅರಸನೂ ಹಾಮಾನನೂ ಕುಡಿಯಲು ಕುಳಿತರು, ಶೂಷನ್ ಪಟ್ಟಣ ಕಂಗಾಲಾಯಿತು. ಇಪ್ಪತ್ತನೇ ಶತಮಾನದ ಯುರೋಪಿನಲ್ಲಿ ಏನಾಯಿತೆಂದು ಬಲ್ಲ ಯಾವ ಯೆಹೂದಿಯೂ ಈ ಅಧ್ಯಾಯವನ್ನು ಹಳೆಯ ಕಥೆಯೆಂದು ಓದಲಾರ. ನಿಮ್ಮ ಸಾವ್ತಾ ವಯಸ್ಸಿನವರಂತೂ ಓದಲಾರರು. ಅಂದು ಗಿಲಕಿ ಸದ್ದು ಕೇಳುವಾಗ ಅವರ ಮುಖ ನೀವು ನೋಡಿರಬಹುದು.

ಎರಡನೆಯದು ನಾಲ್ಕನೇ ಅಧ್ಯಾಯ. ಇಡೀ ಗ್ರಂಥದ ಜೀವ ಇಲ್ಲಿದೆ. ಮೊರ್ದೆಕೈ ಗೋಣಿತಟ್ಟು ಉಟ್ಟು, ತಲೆಗೆ ಬೂದಿ ಹಾಕಿಕೊಂಡು ಅರಮನೆಯ ಬಾಗಿಲ ಮುಂದೆ ಗೋಳಾಡುತ್ತಾನೆ. ಒಳಗಿನ ಎಸ್ತೇರಳಿಗೆ ಸುದ್ದಿ ಹೋಗುತ್ತದೆ. ಅವಳು ಮೊದಲು ಮಾಡುವ ಕೆಲಸ ಅವನಿಗೆ ಒಳ್ಳೆಯ ಬಟ್ಟೆ ಕಳಿಸುವುದು. ಏಕೆ ಅಳುತ್ತಿದ್ದಾನೆ ಎಂದು ಕೇಳುವುದಕ್ಕೆ ಮುಂಚೆ ಬಟ್ಟೆ! ನಾವೂ ಎಷ್ಟು ಸಲ ಹಾಗೆ ಮಾಡುತ್ತೇವೆ ಎಂದು ನನಗೆ ಪ್ರತಿಸಲ ಓದುವಾಗಲೂ ಅನ್ನಿಸುತ್ತದೆ. ಕಣ್ಣಿಗೆ ಕಾಣುವ ಕಷ್ಟವನ್ನು ಮುಚ್ಚಿಬಿಟ್ಟರೆ ಸಾಕೆನಿಸುತ್ತದೆ. ಮೊರ್ದೆಕೈ ಬಟ್ಟೆ ಮುಟ್ಟುವುದಿಲ್ಲ. ಆಮೇಲೆ ಅವಳು ಹತಾಕ ಎಂಬ ಸೇವಕನನ್ನು ಕಳಿಸಿ ವಿಷಯ ತಿಳಿದುಕೊಳ್ಳುತ್ತಾಳೆ. ತಿಳಿದ ಮೇಲೆ ಹೆದರುತ್ತಾಳೆ. ಕರೆಯದೆ ಅರಸನ ಮುಂದೆ ಹೋದವರಿಗೆ ಸಾವೇ ಶಿಕ್ಷೆ, ಅವನು ಚಿನ್ನದ ರಾಜದಂಡ ಚಾಚಿದರೆ ಮಾತ್ರ ಬದುಕು, ನನ್ನನ್ನು ಕರೆದು 30 ದಿನವಾಯಿತು ಎಂದು ಹೇಳಿಕಳಿಸುತ್ತಾಳೆ.

ಆಗ ಮೊರ್ದೆಕೈ ಕಳಿಸುವ ಉತ್ತರ ಇದು. ಅರಮನೆಯಲ್ಲಿದ್ದೇನೆ, ನಾನೊಬ್ಬಳು ಪಾರಾಗುತ್ತೇನೆ ಎಂದು ಎಣಿಸಬೇಡ. ನೀನು ಈಗ ಸುಮ್ಮನಿದ್ದುಬಿಟ್ಟರೆ ಯೆಹೂದಿಗಳಿಗೆ ಬಿಡುಗಡೆ ಬೇರೊಂದು ಕಡೆಯಿಂದ ಬಂದೇ ಬರುತ್ತದೆ. ಯಾರು ಬಲ್ಲರು, ಇಂಥ ಹೊತ್ತಿಗಾಗಿಯೇ ನೀನು ರಾಣಿಪಟ್ಟಕ್ಕೆ ಬಂದೆಯೋ ಏನೋ!

‘ಬೇರೊಂದು ಕಡೆಯಿಂದ’ ಎನ್ನುವಲ್ಲಿ ಹೀಬ್ರೂ ಪದ ‘ಮಾಕೋಮ್’, ಜಾಗ ಎಂದು ಅರ್ಥ. ಮುಂದೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ದೇವರನ್ನು ಕರೆಯಲು ಬಳಸಿದ ಹೆಸರುಗಳಲ್ಲಿ ಅದೂ ಒಂದು. ಹೆಸರಿಲ್ಲದ ಕಡೆ ಹೆಸರಿನ ನೆರಳು ಕಂಡವರು ಅವರು. ಆದರೆ ನನ್ನ ಗಮನ ಹೋಗುವುದು ‘ಯಾರು ಬಲ್ಲರು’ ಎಂಬ ಮಾತಿನ ಮೇಲೆ. ದೇವರು ನನಗೆ ಹೇಳಿದ್ದಾನೆ ಎಂದು ಮೊರ್ದೆಕೈ ಅನ್ನುವುದಿಲ್ಲ. ನಿನಗೆ ಏನೂ ಆಗುವುದಿಲ್ಲ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಕೈಯಲ್ಲಿ ಒಂದು ಸ್ಥಾನವಿದೆ, ಕಣ್ಣೆದುರು ಒಂದು ಅನ್ಯಾಯವಿದೆ, ನಡುವೆ ನೀನಿದ್ದೀಯ. ಅಷ್ಟೇ ಅವನ ವಾದ. ಎಸ್ತೇರಳು ಒಪ್ಪುತ್ತಾಳೆ. ನಾಶವಾದರೆ ನಾಶವಾಗುತ್ತೇನೆ ಎನ್ನುತ್ತಾಳೆ. ಆದರೆ ಹೊರಡುವ ಮುಂಚೆ ಒಂದು ಕೆಲಸ ಹೇಳುತ್ತಾಳೆ: ಹೋಗು, ಶೂಷನ್‌ನಲ್ಲಿರುವ ಯೆಹೂದಿಗಳನ್ನೆಲ್ಲ ಒಟ್ಟುಗೂಡಿಸು, ಮೂರು ದಿನ ನನಗಾಗಿ ಉಪವಾಸವಿರಿ. ಹಾಮಾನ ‘ಚದುರಿದ ಜನ’ ಅಂದಿದ್ದ. ಎಸ್ತೇರಳು ‘ಒಟ್ಟುಗೂಡಿಸು’ ಅನ್ನುತ್ತಾಳೆ. ಹಳೆಯ ವ್ಯಾಖ್ಯಾನಕಾರರು ಈ ಎರಡು ಮಾತುಗಳನ್ನು ಎದುರುಬದುರು ಇಟ್ಟು ಓದಿದ್ದಾರೆ. ನೀವು ಹೊತ್ತುಕೊಂಡು ಹೋದ ತಟ್ಟೆಗಳ ಮೂಲವೂ ಇಲ್ಲೇ ಇದೆ.

ಪೂರಿಮ್‌ಗೆ ಕಡ್ಡಾಯವಾದ ಕೆಲಸ ನಾಲ್ಕು. ಎಸ್ತೇರಳ ಸುರುಳಿಯನ್ನು ರಾತ್ರಿ ಒಮ್ಮೆ, ಹಗಲು ಒಮ್ಮೆ ಕೇಳುವುದು. ಹಗಲಿನಲ್ಲಿ ಹಬ್ಬದೂಟ ಮಾಡುವುದು. ಉಳಿದ ಎರಡೂ ಕೊಡುವ ಕೆಲಸಗಳು: ‘ಮಿಶ್ಲೋಆಖ್ ಮಾನೋತ್’, ‘ಮತ್ತಾನೋತ್ ಲಾಎವ್ಯೋನೀಮ್’. ಮೊದಲನೆಯದು ಪರಿಚಿತರಿಗೆ ತಿಂಡಿ ಕಳಿಸುವುದು, ಎರಡನೆಯದು ಬಡವರಿಗೆ ದಾನ. ಎರಡಕ್ಕೂ ಆಧಾರ ಗ್ರಂಥದ ಒಂಬತ್ತನೇ ಅಧ್ಯಾಯದ 22ನೇ ವಚನ. ತಿಂಡಿಯಾದರೆ ಒಬ್ಬರಿಗಾದರೂ ಎರಡು ಬಗೆ, ಬೇಯಿಸುವ ಗೋಜಿಲ್ಲದೆ ತಿನ್ನುವಂಥದ್ದು. ದಾನವಾದರೆ ಇಬ್ಬರು ಬಡವರಿಗಾದರೂ ಒಂದೊಂದು. ದಾನ ತಿಂದು ಬದುಕುವವನೂ ಅಂದು ಕೊಡಲೇಬೇಕು. ಕೊಡಲು ಏನೂ ಇಲ್ಲದವರು ಏನು ಮಾಡಬೇಕು? ತಾಲ್ಮುಡ್‌ನಲ್ಲಿ ಇಬ್ಬರ ಮಾತು ಬರುತ್ತದೆ, ಅಬಾಯೇ ಬರ್ ಆವಿನ್ ಮತ್ತು ರಬ್ಬಿ ಹನೀನಾ ಬರ್ ಆವಿನ್. ಅವರು ತಮ್ಮ ತಮ್ಮ ಊಟವನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಂಡರಂತೆ. ಇವನ ಬುತ್ತಿ ಅವನಿಗೆ, ಅವನ ಬುತ್ತಿ ಇವನಿಗೆ. ಯಾರ ಹೊಟ್ಟೆಗೂ ಹೆಚ್ಚು ಹೋಗಲಿಲ್ಲ, ಆದರೆ ಇಬ್ಬರೂ ಕೊಟ್ಟವರಾದರು, ಇಬ್ಬರೂ ಪಡೆದವರಾದರು.

ಬಡವರ ದಾನದ ವಿಷಯದಲ್ಲಿ ಪೂರಿಮ್‌ಗೆ ಒಂದು ವಿಶೇಷ ನಿಯಮವಿದೆ. ಬೇರೆ ದಿನ ದಾನ ಕೊಡುವಾಗ ಇವನು ನಿಜವಾಗಿ ಬಡವನೋ ಅಲ್ಲವೋ ಎಂದು ವಿಚಾರಿಸಬಹುದು. ಪೂರಿಮ್‌ನಂದು ವಿಚಾರಣೆ ಇಲ್ಲ, ಕೈ ಚಾಚಿದವರಿಗೆಲ್ಲ ಕೊಡಬೇಕು. ಅಂದಿಗೆಂದು ಕೂಡಿಸಿದ ಹಣವನ್ನು ಬೇರೆ ಪುಣ್ಯಕಾರ್ಯಕ್ಕೆ ತಿರುಗಿಸುವಂತೆಯೂ ಇಲ್ಲ. ಬಡವನ ಹಬ್ಬದೂಟಕ್ಕೆ ಬಂದದ್ದು ಅದಕ್ಕೇ ಹೋಗಬೇಕು. 12ನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮಹಾಪಂಡಿತ ಮೈಮೊನಿಡೀಸ್ ತನ್ನ ಧರ್ಮಶಾಸ್ತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ: ಹಬ್ಬದೂಟಕ್ಕೆ, ಗೆಳೆಯರ ತಟ್ಟೆಗೆ ಹೆಚ್ಚು ಸುರಿಯುವುದಕ್ಕಿಂತ ಬಡವರ ದಾನಕ್ಕೆ ಹೆಚ್ಚು ಸುರಿ. ಬಡವರು, ಅನಾಥರು, ವಿಧವೆಯರು, ಹೊರಗಿನಿಂದ ಬಂದವರು, ಇವರ ಮನಸ್ಸನ್ನು ಸಂತೋಷಪಡಿಸುವುದಕ್ಕಿಂತ ದೊಡ್ಡ ಸಂತೋಷ ಇಲ್ಲ. ಹಾಗೆ ಮಾಡುವವನು ದೇವರ ಸಾನ್ನಿಧ್ಯವನ್ನೇ ಹೋಲುತ್ತಾನೆ ಎಂಬುದು ಅವನ ಮಾತು.

ಸಹೋದರಿ, ಇಲ್ಲಿ ನನಗೆ ಉತ್ತರ ಸಿಕ್ಕಿದೆ. ಗ್ರಂಥದಲ್ಲಿ ದೇವರು ಕಾಣುವುದಿಲ್ಲ. ಕೊಡುವವರ ಕೈಯಲ್ಲಿ ಕಾಣಬೇಕು ಎಂದು ಶಾಸ್ತ್ರ ಹೇಳುತ್ತಿದೆ. ‘ಮಿಶ್ಲೋಆಖ್’ ಎಂದರೆ ಕಳಿಸುವುದು. ಗ್ರಂಥದಲ್ಲಿ ಕಳಿಸುವುದು ಎಂದೇ ಇರುವುದರಿಂದ ತಾವೇ ಕೊಡದೆ ಮತ್ತೊಬ್ಬರ ಕೈಯಲ್ಲಿ ಕಳಿಸುವುದು ಒಳ್ಳೆಯದು ಎಂದು ಕೆಲವು ಪಂಡಿತರು ಹೇಳಿದ್ದಾರೆ. ಸಾವ್ತಾ ನಿಮ್ಮ ಕೈಯಲ್ಲಿ ತಟ್ಟೆ ಇಟ್ಟದ್ದು ಕಾಲಿಗೆ ಶಕ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಇರಲಾರದು. ಕುಸ್ವಾರ್ ನೆನಪಾದದ್ದು ಸಹಜವೇ. ವ್ಯತ್ಯಾಸ ಇಷ್ಟು: ಇಲ್ಲಿ ಹಂಚುವುದು ಬರೀ ವಾಡಿಕೆಯಲ್ಲ, ಸುರುಳಿ ಕೇಳುವಷ್ಟೇ ಕಡ್ಡಾಯ.

ಗಲಾಟೆ, ವೇಷ, ತ್ರಿಕೋನಾಕಾರದ ತಿಂಡಿ, ಇವೆಲ್ಲ ಮೇಲೆ ಬಂದ ಪದ್ಧತಿಗಳು, ಮಕ್ಕಳಿಗೆ ಪ್ರಾಣ. ಹಾಮಾನನನ್ನು ಇಸ್ರೇಲರ ಹಳೆಯ ವೈರಿಗಳಾದ ಅಮಾಲೇಕ್ಯರ ಕುಲದವನೆಂದು ಪರಂಪರೆ ಎಣಿಸುತ್ತದೆ, ಆ ಹೆಸರನ್ನು ಅಳಿಸಬೇಕೆಂಬ ಆಜ್ಞೆಯಿಂದ ಈ ಸದ್ದು. ಗಸಗಸೆ ತುಂಬಿದ ತಿಂಡಿಗೆ ಹೀಬ್ರೂವಿನಲ್ಲಿ ‘ಓಝ್ನೇ ಹಾಮಾನ್’, ಹಾಮಾನನ ಕಿವಿ ಎಂದೇ ಹೆಸರು. ಗಲಾಟೆಯಲ್ಲಿ ಒಂದು ಪದ ತಪ್ಪಿಹೋದರೂ ಕೇಳುವವರು ಅದನ್ನು ತಮ್ಮ ಪುಸ್ತಕದಲ್ಲಿ ಓದಿಕೊಳ್ಳಬೇಕು. ಎಲ್ಲ ಪದವೂ ಕಿವಿಗೆ ಬಿದ್ದರೇ ಲೆಕ್ಕ.

ಓದುವುದನ್ನು ನಾನು ಮೊದಲ ಸಲ ಹತ್ತಿರದಿಂದ ಕಂಡದ್ದು ಮುಂಬೈಯ ಒಂದು ಸಿನಗಾಗ್‌ನಲ್ಲಿ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಚರ್ಮದ ಸುರುಳಿಯನ್ನು ಪೂರ್ತಿ ಬಿಚ್ಚಿ, ಕಾಗದ ಮಡಚಿದಂತೆ ಮಡಿಕೆ ಮಡಿಕೆಯಾಗಿ ಇಟ್ಟುಕೊಂಡರು. ಈ ಗ್ರಂಥ ತನ್ನನ್ನು ಪತ್ರ ಎಂದು ಕರೆದುಕೊಳ್ಳುತ್ತದೆ, ಹಾಗಾಗಿ ಬೇರೆ ಸುರುಳಿಗಳಂತಲ್ಲದೆ ಇದನ್ನು ಪತ್ರದ ಹಾಗೆ ಮಡಚಿ ಓದುತ್ತಾರೆ. ಹಲವು ಸುರುಳಿಗಳಲ್ಲಿ ಬರೆಯುವವರು ಪ್ರತಿ ಕಂಬಸಾಲನ್ನೂ ‘ಹಮೆಲೆಖ್’, ‘ಅರಸನು’ ಎಂಬ ಪದದಿಂದಲೇ ಶುರುಮಾಡುತ್ತಾರೆ. ಹೊರಗಣ್ಣಿಗೆ ಅಹಷ್ವೇರೋಷ, ಒಳಗಣ್ಣಿಗೆ ರಾಜಾಧಿರಾಜ. ಆರನೇ ಅಧ್ಯಾಯದಲ್ಲಿ ‘ಆ ರಾತ್ರಿ ಅರಸನಿಗೆ ನಿದ್ದೆ ಬರಲಿಲ್ಲ’ ಎಂಬ ಸಾಲು ಬಂತು. ಕಥೆ ತಿರುಗುವುದು ಈ ನಿದ್ದೆಗೆಟ್ಟ ರಾತ್ರಿಯಲ್ಲೇ. ನಿದ್ದೆ ಬಾರದ ಅರಸ ದಿನಚರಿ ಓದಿಸುತ್ತಾನೆ, ಹಿಂದೊಮ್ಮೆ ಮೊರ್ದೆಕೈ ತನ್ನ ಪ್ರಾಣ ಉಳಿಸಿದ್ದು ಅದರಲ್ಲಿ ಸಿಗುತ್ತದೆ. ಹಿರಿಯರ ದನಿ ಅಲ್ಲಿ ಏರಿತು. ಹಾಮಾನನ ಹತ್ತು ಮಕ್ಕಳ ಹೆಸರಿಗೆ ಬಂದಾಗ ಅವರು ನಿಂತರು, ಎದೆ ತುಂಬ ಉಸಿರು ತುಂಬಿಕೊಂಡು ಪರ್ಷಂದಾತಾನಿಂದ ವೈಝಾತಾನವರೆಗೆ ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ನಿಯಮವೇ ಹಾಗೆ. ಹತ್ತೂ ಮಂದಿ ಒಟ್ಟಿಗೇ ಸತ್ತರು, ಅದಕ್ಕೆ ಎಂದು ತಾಲ್ಮುಡ್ ಕಾರಣ ಕೊಡುತ್ತದೆ. ನನಗೆ ಮಾತ್ರ ಅವರು ಆ ಸಾವುಗಳ ಮೇಲೆ ನಿಲ್ಲಲು ಇಷ್ಟಪಡದವರಂತೆ ಕಂಡರು.

ಅಲ್ಲಿಂದ ನಿಮ್ಮ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಅದನ್ನು ಕೇಳಿದ್ದಕ್ಕೆ ನಿಮಗೆ ವಂದನೆ.

ಪಾರಸಿಯ ಅರಸನ ಆಜ್ಞೆಯನ್ನು ರದ್ದು ಮಾಡುವಂತಿರಲಿಲ್ಲ. ಹಾಗಾಗಿ ಎರಡನೇ ಆಜ್ಞೆ ಹೊರಟಿತು: ಕೊಲ್ಲಲು ಬಂದವರ ಮೇಲೆ ಯೆಹೂದಿಗಳು ಕೂಡಿಕೊಂಡು ತಿರುಗಿಬೀಳಬಹುದು. ಅದು ಹಾಮಾನನ ಆಜ್ಞೆಯ ಭೀಕರ ಮಾತುಗಳನ್ನೇ ತಿರುಗಿಸಿ ಬಳಸುತ್ತದೆ, ಹೆಂಗಸರು ಮಕ್ಕಳು ಎಂಬ ಮಾತೂ ಸೇರಿ. ಇದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಶೂಷನ್‌ನಲ್ಲಿ ಮೊದಲ ದಿನ 500 ಮಂದಿ, ಎಸ್ತೇರಳೇ ಕೇಳಿಕೊಂಡ ಎರಡನೇ ದಿನ 300 ಮಂದಿ, ಸಂಸ್ಥಾನಗಳಲ್ಲಿ 75,000 ಮಂದಿ ಸತ್ತರು ಎಂದು ಹೀಬ್ರೂ ಪಾಠ ಹೇಳುತ್ತದೆ. ಗ್ರೀಕ್ ಪಾಠದಲ್ಲಿ ಆ ದೊಡ್ಡ ಸಂಖ್ಯೆ 15,000. ಅದೇ ಅಧ್ಯಾಯ ಮೂರು ಸಲ ಒತ್ತಿ ಹೇಳುವ ಮಾತೊಂದಿದೆ: ಕೊಳ್ಳೆಗೆ ಮಾತ್ರ ಅವರು ಕೈಹಾಕಲಿಲ್ಲ. ಆಜ್ಞೆಯಲ್ಲಿ ಕೊಳ್ಳೆಗೆ ಅನುಮತಿಯಿತ್ತು. ಆದರೂ ಮುಟ್ಟಲಿಲ್ಲ.

ಹಬ್ಬ ಯಾವ ದಿನಕ್ಕೆ ಬಿತ್ತು ಎಂಬುದನ್ನು ಗಮನಿಸಿ. ಕಾದಾಟ ನಡೆದದ್ದು 13ರಂದು. ಹಬ್ಬ 14ರಂದು. ಗ್ರಂಥವೇ ಹೇಳುವಂತೆ ಅದು ಅವರು ವಿಶ್ರಮಿಸಿದ ದಿನ. ಕಾದಾಟದ ತಾರೀಖು ಈಗ ಎಸ್ತೇರಳ ಉಪವಾಸದ ದಿನವಾಗಿದೆ. ಬೇರೆ ಹಬ್ಬಗಳಲ್ಲಿ ಹಾಡುವ ‘ಹಲ್ಲೇಲ್’ ಸ್ತುತಿಕೀರ್ತನೆಗಳನ್ನು ಪೂರಿಮ್‌ನಲ್ಲಿ ಹಾಡುವುದಿಲ್ಲ. ಏಕೆ ಎಂದು ತಾಲ್ಮುಡ್ ಕೇಳಿದಾಗ ರಾವಾ ಎಂಬ ಪಂಡಿತ ಕೊಡುವ ಉತ್ತರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ: ನಾವಿನ್ನೂ ಅಹಷ್ವೇರೋಷನ ದಾಸರೇ. ಪ್ರಾಣ ಉಳಿಯಿತು, ಅಷ್ಟೇ. ಗೆದ್ದೆವು ಎಂದು ಮೆರೆಯುವ ಹಾಗಿಲ್ಲ. ಅದೇ ತಾಲ್ಮುಡ್‌ನ ಪುಟಗಳಲ್ಲಿ, ಕೆಂಪು ಸಮುದ್ರದಲ್ಲಿ ಐಗುಪ್ತರು ಮುಳುಗುವಾಗ ಹಾಡಲು ಹೊರಟ ದೇವದೂತರನ್ನು ದೇವರು ತಡೆಯುತ್ತಾನೆ: ನನ್ನ ಕೈಯ ಸೃಷ್ಟಿ ಸಮುದ್ರದಲ್ಲಿ ಮುಳುಗುತ್ತಿದೆ, ನೀವು ಹಾಡುತ್ತೀರಾ? ಇನ್ನೊಂದು ಕಡೆ, ಹಾಮಾನನ ಸಂತತಿಯವರು ಬ್ನೇ ಬ್ರಾಕ್ ಊರಿನಲ್ಲಿ ತೋರಾ, ಅಂದರೆ ಯೆಹೂದಿ ಧರ್ಮಶಾಸ್ತ್ರ, ಕಲಿಸಿದರು ಎಂಬ ಮಾತಿದೆ. ಯಾರ ಹೆಸರಿಗೆ ಗಿಲಕಿ ಬಡಿಯುತ್ತೇವೋ ಅವನ ಮೊಮ್ಮಕ್ಕಳ ಮಕ್ಕಳು ನಮ್ಮ ಗುರುಗಳಾದರು ಎಂದು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು.

ಈ ಕಥೆಯನ್ನು ಕೆಟ್ಟದಾಗಿ ಓದಿದವರೂ ಇದ್ದಾರೆ. 1994ರ ಫೆಬ್ರವರಿ 25, ಪೂರಿಮ್ ದಿನ, ಹೆಬ್ರೋನ್‌ನಲ್ಲಿ ನಮಾಜು ಮಾಡುತ್ತಿದ್ದ 29 ಮಂದಿಯನ್ನು ಒಬ್ಬ ಯೆಹೂದಿ ವಲಸೆಗಾರ ಗುಂಡಿಟ್ಟು ಕೊಂದ. ಅಂದಿನ ಪ್ರಧಾನಿ ಯಿತ್ಝಾಕ್ ರಾಬಿನ್ ಅದನ್ನು ಕಟುವಾಗಿ ಖಂಡಿಸಿದರು. ತನಗೆ ಬೇಡದವರನ್ನೆಲ್ಲ ಹಾಮಾನ ಎಂದು ಕರೆಯುವ ಹಕ್ಕನ್ನು ಈ ಗ್ರಂಥ ಯಾರಿಗೂ ಕೊಟ್ಟಿಲ್ಲ. ಒಬ್ಬನ ತಪ್ಪನ್ನು ಕುಲಕ್ಕೆಲ್ಲ ಹೊರಿಸಿದವನೇ ಇದರಲ್ಲಿ ಖಳ. ನಿಮಗೆ ನಿದ್ದೆ ಬರಲಿಲ್ಲ ಅಂದಿರಲ್ಲ, ಈ ಅಧ್ಯಾಯ ಓದಿದವರಿಗೆ ಅಷ್ಟಾದರೂ ಆಗಬೇಕು.

ಕುಡಿತದ ವಿಷಯ. ‘ಹಾಮಾನನಿಗೆ ಶಾಪ’ ‘ಮೊರ್ದೆಕೈಗೆ ಆಶೀರ್ವಾದ’ ಇವೆರಡರ ವ್ಯತ್ಯಾಸ ತಿಳಿಯದಷ್ಟು ಅಂದು ಕುಡಿಯಬೇಕು ಎಂದು ಅದೇ ರಾವಾ ಹೇಳಿದ್ದಾನೆ, ನಿಜ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ, ಅವನ್ನು ಕೂಡಿಸಿದರೆ ಎರಡು ಮಾತಿನ ಮೊತ್ತವೂ 502. ಆದರೆ ತಾಲ್ಮುಡ್ ಆ ಮಾತಿನ ಬೆನ್ನಿಗೇ ಒಂದು ಕಥೆ ಇಡುತ್ತದೆ. ರಬ್ಬಾ ಎಂಬ ಇನ್ನೊಬ್ಬ ಪಂಡಿತ ಮತ್ತು ರಬ್ಬಿ ಝೇರಾ ಒಟ್ಟಿಗೆ ಪೂರಿಮ್ ಊಟ ಮಾಡಿದರು. ಅಮಲೇರಿದ ರಬ್ಬಾ ಎದ್ದು ಝೇರಾನ ಕತ್ತು ಕೊಯ್ದ. ಬೆಳಗ್ಗೆ ಎಚ್ಚರವಾದ ಮೇಲೆ ಪ್ರಾರ್ಥಿಸಿ ಅವನನ್ನು ಬದುಕಿಸಿದ. ಮರುವರ್ಷ ಮತ್ತೆ ಊಟಕ್ಕೆ ಕರೆದಾಗ ಝೇರಾ ಹೇಳಿದ: ಪ್ರತಿಸಲವೂ ಪವಾಡ ನಡೆಯುವುದಿಲ್ಲ. 16ನೇ ಶತಮಾನದ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸರ್ಲೆಸ್ ಬಗೆಹರಿಸಿದ್ದು ಹೀಗೆ: ವಾಡಿಕೆಗಿಂತ ತುಸು ಹೆಚ್ಚು ಕುಡಿದು ಮಲಗಿಬಿಡಿ, ನಿದ್ದೆಯಲ್ಲಿರುವವನಿಗೆ ವ್ಯತ್ಯಾಸ ಹೇಗೂ ತಿಳಿಯದು. ಸಾವ್ತಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರ ವೈದ್ಯರನ್ನು ಕೇಳದೆ ವೈನ್ ಕೊಡಬೇಡಿ. ಆರೋಗ್ಯಕ್ಕೆ ಧಕ್ಕೆಯಾಗುವುದಾದರೆ ಯಾವ ರಬ್ಬಿಯೂ ಕುಡಿಯಿರಿ ಎನ್ನುವುದಿಲ್ಲ. ದ್ರಾಕ್ಷಿರಸ ಸಾಕು.

ಯೆರೂಸಲೇಮ್‌ನಲ್ಲಿ ಒಂದು ದಿನ ತಡ ಏಕೆಂದರೆ ಶೂಷನ್ ಪಟ್ಟಣದವರು ಎರಡು ದಿನ ಕಾದಾಡಿ 15ರಂದು ವಿಶ್ರಮಿಸಿದರು. ಶೂಷನ್‌ನಂತೆ ಕೋಟೆಯಿದ್ದ ಊರುಗಳಿಗೆ 15, ಉಳಿದ ಕಡೆ 14. ಆದರೆ ಕೋಟೆ ಮೋಶೆಯ ನಂತರ ಜನರನ್ನು ನಡೆಸಿದ ಯೆಹೋಶುವನ ಕಾಲದಲ್ಲಿ ಇದ್ದಿರಬೇಕು ಎಂಬುದು ಲೆಕ್ಕ, ಅಹಷ್ವೇರೋಷನ ಕಾಲದಲ್ಲಲ್ಲ. ಅವನ ಕಾಲದಲ್ಲಿ ಯೆರೂಸಲೇಮಿನ ಗೋಡೆ ಬಿದ್ದು ಹಾಳಾಗಿತ್ತು. ಪಾರಸಿಯ ಪಟ್ಟಣಕ್ಕೆ ಸಿಗುವ ಮಾನ ಆ ಹಾಳೂರಿಗೆ ಸಿಗದೆ ಹೋಗಬಾರದೆಂದು ಹಿರಿಯರು ಹಾಗೆ ನಿಶ್ಚಯಿಸಿದರು.

ನಮ್ಮ ಕಡೆಯ ನಂಟೊಂದನ್ನು ಹೇಳಲೇಬೇಕು. ಅದಾರ್ 14 ಎಂದರೆ ಹುಣ್ಣಿಮೆಯ ಆಸುಪಾಸು, ಸಾಮಾನ್ಯವಾಗಿ ನಮ್ಮ ಫಾಲ್ಗುಣದ ಹುಣ್ಣಿಮೆಯೇ. ಅವರಿಗೂ ನಮ್ಮಂತೆ ಅಧಿಕ ಮಾಸವಿದೆ, 19 ವರ್ಷಕ್ಕೆ ಏಳು. ಅದು ಬಂದ ವರ್ಷ ಅದಾರ್ ಎರಡು, ಪೂರಿಮ್ ಎರಡನೇ ಅದಾರ್‌ನಲ್ಲಿ. ಕೊಂಕಣ ಕರಾವಳಿಯಲ್ಲಿ ಶತಮಾನಗಳಿಂದ ಬಾಳಿದ ಬೆನೆ ಇಸ್ರೇಲ್ ಯೆಹೂದಿಗಳು ಇದನ್ನು ಮರಾಠಿಯಲ್ಲಿ ‘ಹೋಳಿಚಾ ಸಣ್’, ಹೋಳಿಯ ಹಬ್ಬ ಎಂದೇ ಕರೆಯುತ್ತಿದ್ದರು. ಗ್ರಂಥದ ಮೊದಲ ವಚನದಲ್ಲೇ ಅಹಷ್ವೇರೋಷನ 127 ಸಂಸ್ಥಾನಗಳ ಗಡಿ ಬರುತ್ತದೆ: ‘ಹೋದು’ವಿನಿಂದ ಕೂಷ್‌ವರೆಗೆ. ಹೋದು ಎಂದರೆ ಹಿಂದುಸ್ಥಾನ. ಇಂದಿಗೂ ಇಸ್ರೇಲಿಗರು ಭಾರತವನ್ನು ಕರೆಯುವುದು ಅದೇ ಹೆಸರಿನಿಂದ, ನಿಮ್ಮ ಕಿವಿಗೆ ದಿನವೂ ಬೀಳುವ ಪದ.

ನೀವು ಕೊಡಬಹುದೇ ಎಂದು ಕೇಳಿದಿರಿ. ಕಟ್ಟಳೆ ಇರುವುದು ಯೆಹೂದಿಗಳಿಗೆ, ನಿಮಗಿಲ್ಲ. ಪ್ರೀತಿಯಿಂದ ಕೊಡುವುದಕ್ಕೆ ಅಡ್ಡಿಯೂ ಇಲ್ಲ. 16ನೇ ಶತಮಾನದ ಧರ್ಮಶಾಸ್ತ್ರದಲ್ಲೇ ವಾಡಿಕೆಯಿರುವ ಕಡೆ ಯೆಹೂದಿಗಳಲ್ಲದ ಬಡವರಿಗೂ ಅಂದು ಕೊಡಬೇಕೆಂದು ಬರೆದಿದೆ. ಕೊಡು-ಕೊಳ್ಳು ಈ ಗೋಡೆ ದಾಟಿದ್ದು ಇಂದು ನಿನ್ನೆಯಲ್ಲ. ಸಾವ್ತಾ ಅಥವಾ ನೆರೆಯವರು ಕೋಷರ್, ಅಂದರೆ ಯೆಹೂದಿ ಆಹಾರ ನಿಯಮ, ಪಾಲಿಸುವವರಾದರೆ ನಿಮ್ಮ ಕೈಯಡುಗೆ ಬೇಡ, ಅವರು ತಿನ್ನಲಾಗದೆ ಮುಜುಗರಪಟ್ಟುಕೊಳ್ಳುತ್ತಾರೆ. ಒಂದಷ್ಟು ಖರ್ಜೂರ, ಜೊತೆಗೆ ಕೋಷರ್ ಮುದ್ರೆಯಿರುವ ಬಿಸ್ಕತ್ತಿನ ಪೊಟ್ಟಣ, ಎರಡು ಬಗೆ ಆಯಿತು. ಖರ್ಜೂರ ಅಂಗಡಿಯ ಮುಚ್ಚಿದ ಡಬ್ಬಿಯದೇ ಆಗಿರಲಿ, ಮುದ್ರೆ ನೋಡಿ ಕೊಳ್ಳಿ. ಹಗಲು ಮುಗಿಯುವ ಮುಂಚೆ ಕೊಡಿ. ಯಾರ ಕಡೆಯಿಂದ ಎಂದು ಬಾಗಿಲಲ್ಲಿ ಕೇಳಿದರೆ ಹೋದುವಿನಿಂದ ಎನ್ನಿ, ಎಸ್ತೇರಳ ಸುರುಳಿಯ ಮೊದಲ ಸಾಲು ಬಲ್ಲವರಿಗೆ ತಕ್ಷಣ ತಿಳಿಯುತ್ತದೆ.